ಬರೆದ ಡೇಟಾ ನಿಜಕ್ಕೂ ಡಿಸ್ಕ್ ಮುಟ್ಟಬೇಕಾದರೆ: ಲಿನಕ್ಸ್‌ನಲ್ಲಿ ಫೈಲ್ ಉಳಿಸುವ ಸಮಗ್ರ ಮಾರ್ಗದರ್ಶಿ

ಒಂದೇ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಪ್ರೋಗ್ರಾಂ ಫೈಲ್ ಬರೆಯಿತು, ಎರರ್ ಏನೂ ಬರಲಿಲ್ಲ, ಕರೆಂಟ್ ಹೋಗಿ ಬಂದ ಮೇಲೆ ನೋಡಿದರೆ ಫೈಲಿನ ಗಾತ್ರ 0 ಬೈಟ್. ಕೆಲವರಿಗೆ ಅರ್ಧ ಫೈಲ್ ಸಿಗುತ್ತದೆ. ಇನ್ನು ಕೆಲವರಿಗೆ ಫೈಲಿನ ಹೆಸರೇ ಇರುವುದಿಲ್ಲ. ಕೋಡ್ ತೆರೆದು ನೋಡಿದರೆ ಎಫ್‌ಫ್ಲಶ್ ಇರುತ್ತದೆ, ಎಷ್ಟೋ ಸಲ ಎಫ್‌ಸಿಂಕ್ ಕೂಡ ಇರುತ್ತದೆ. ಎರಡೂ ಬರೆದ ಡೇಟಾವನ್ನು ಡಿಸ್ಕ್ ಕಡೆಗೆ ತಳ್ಳುವ ಫಂಕ್ಷನ್‌ಗಳು. ಆದರೆ ಅವು ಇರಬೇಕಾದ ಜಾಗದಲ್ಲಿ ಇರುವುದಿಲ್ಲ. ಅಥವಾ ಅವು ಕೊಟ್ಟ ಉತ್ತರವನ್ನು ಕೋಡ್ ನೋಡಿಯೇ ಇರುವುದಿಲ್ಲ.

ಇಲ್ಲಿ ಕ್ರಮವೇ ಮುಖ್ಯ. ಒಂದು ಹೆಜ್ಜೆ ಹಿಂದೆ ಮುಂದೆ ಆದರೂ ಉಳಿದ ಹೆಜ್ಜೆಗಳು ದಂಡ. ಕೆಳಗಿನ ವಿವರಣೆ ಸಿ ಭಾಷೆ ಮತ್ತು ಲಿನಕ್ಸ್ ಇಟ್ಟುಕೊಂಡು ಇದೆ. ಪೈಥಾನ್, ಜಾವಾ, ಗೋ ಬರೆಯುವವರಿಗೂ ಕ್ರಮ ಇದೇ, ಹೆಸರುಗಳು ಮಾತ್ರ ಬೇರೆ. ಅವನ್ನು ಅಲ್ಲಲ್ಲೇ ಹೇಳುತ್ತೇನೆ.

## ಶುರು ಮಾಡುವ ಮೊದಲು ಏನೇನು ಬೇಕು

ಲಿನಕ್ಸ್ ಇರುವ ಒಂದು ಯಂತ್ರ, ಸಿ ಕಂಪೈಲರ್, ಪ್ರೋಗ್ರಾಂ ಮಾಡುವ ಸಿಸ್ಟಮ್ ಕರೆಗಳನ್ನು ಸಾಲಾಗಿ ತೋರಿಸುವ ಎಸ್‌ಟ್ರೇಸ್ ಟೂಲ್. ಪರೀಕ್ಷೆಗೆ ಒಂದು ವರ್ಚುವಲ್ ಯಂತ್ರ ಇದ್ದರೆ ತುಂಬಾ ಅನುಕೂಲ, ಏಕೆಂದರೆ ಅದನ್ನು ಎಷ್ಟು ಸಲ ಬೇಕಾದರೂ ದಿಢೀರನೆ ನಿಲ್ಲಿಸಬಹುದು. ನಿಮ್ಮ ದಿನನಿತ್ಯದ ಲ್ಯಾಪ್‌ಟಾಪ್ ಮೇಲೆ ಆ ಪ್ರಯೋಗ ಮಾಡಬೇಡಿ.

ಇನ್ನೊಂದು ವಿಷಯ ನೋಡಿಕೊಳ್ಳಿ. ನೀವು ಪ್ರಯೋಗ ಮಾಡುವ ಫೋಲ್ಡರ್ ನಿಜವಾದ ಡಿಸ್ಕ್ ಮೇಲೆ ಇದೆಯೇ? ಎಷ್ಟೋ ಲಿನಕ್ಸ್ ವ್ಯವಸ್ಥೆಗಳಲ್ಲಿ /ಟಿಎಂಪಿ ಫೋಲ್ಡರ್ ಟಿಎಂಪಿಎಫ್‌ಎಸ್ ಆಗಿರುತ್ತದೆ, ಅಂದರೆ ಬರೀ ಮೆಮರಿ. ಅಲ್ಲಿ ಎಫ್‌ಸಿಂಕ್ ಕರೆದರೆ ತಕ್ಷಣ ಯಶಸ್ಸು ಅನ್ನುತ್ತದೆ, ಆದರೆ ಮಾಡಲು ಕೆಲಸವೇ ಇರುವುದಿಲ್ಲ. ಡಿಎಫ್ ಆದೇಶ ಕೊಟ್ಟರೆ ಫೋಲ್ಡರ್ ಯಾವ ಸಾಧನದ ಮೇಲಿದೆ ಎಂದು ಗೊತ್ತಾಗುತ್ತದೆ.

## ಡೇಟಾ ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲುತ್ತದೆ

ಇದು ಸರಿಯಾಗಿ ಗೊತ್ತಿಲ್ಲದಿದ್ದರೆ ಮುಂದಿನ ಹಂತಗಳು ಬರೀ ಮಂತ್ರದ ಹಾಗೆ ಕಾಣುತ್ತವೆ. ಪ್ರೋಗ್ರಾಂ ಬರೆದ ಬೈಟ್ ಮೂರು ಕಡೆ ನಿಲ್ಲುತ್ತದೆ.

ಮೊದಲನೆಯದು ನಿಮ್ಮ ಪ್ರೋಗ್ರಾಂ ಒಳಗಿನ ಬಫರ್, ಅಂದರೆ ಡೇಟಾ ತಾತ್ಕಾಲಿಕವಾಗಿ ಕೂಡುವ ಮೆಮರಿ. ಎಫ್‌ಪ್ರಿಂಟ್‌ಎಫ್, ಎಫ್‌ರೈಟ್ ಬಳಸಿದರೆ ಬೈಟ್‌ಗಳು ಮೊದಲು ಸಿ ಲೈಬ್ರರಿಯ ಬಫರ್‌ನಲ್ಲಿ ಕೂರುತ್ತವೆ. ಸಾಮಾನ್ಯ ಫೈಲಿಗೆ ಇದು ಹೆಚ್ಚಾಗಿ 4096 ಬೈಟ್. ಅದು ತುಂಬುವವರೆಗೆ ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಸುದ್ದಿಯೇ ಇಲ್ಲ. ಪ್ರೋಗ್ರಾಂ ಕುಸಿದರೆ ಇದು ಹೋಯಿತು.

ಎರಡನೆಯದು ಕರ್ನಲ್‌ನ ಪೇಜ್ ಕ್ಯಾಶ್, ಅಂದರೆ ಫೈಲಿನ ಡೇಟಾವನ್ನು ಪುಟ ಪುಟವಾಗಿ ಇಟ್ಟುಕೊಳ್ಳುವ ಮೆಮರಿ. ರೈಟ್ ಎಂಬ ಸಿಸ್ಟಮ್ ಕಾಲ್ (ಕರ್ನಲ್‌ಗೆ ಮಾಡುವ ಕರೆ) ಮುಗಿದಾಗ ಡೇಟಾ ಇಲ್ಲಿಗೆ ಬಂದಿರುತ್ತದೆ, ಅಷ್ಟೇ. ಡಿಸ್ಕ್‌ಗೆ ಇನ್ನೂ ಹೋಗದ ಇಂಥ ಪುಟಗಳಿಗೆ ಡರ್ಟಿ ಪೇಜ್ ಅನ್ನುತ್ತಾರೆ. ಕರ್ನಲ್‌ನ ಸಾಮಾನ್ಯ ಸೆಟ್ಟಿಂಗ್ ಪ್ರಕಾರ ಫ್ಲಶ್ ಮಾಡುವ ಕೆಲಸಗಾರ ಥ್ರೆಡ್ 5 ಸೆಕೆಂಡಿಗೊಮ್ಮೆ ಎದ್ದು ನೋಡುತ್ತದೆ, 30 ಸೆಕೆಂಡಿಗಿಂತ ಹಳೆಯ ಡರ್ಟಿ ಪೇಜ್‌ಗಳನ್ನು ಡಿಸ್ಕ್‌ಗೆ ಕಳಿಸುತ್ತದೆ. ಅಂದರೆ ನೀವು ಏನೂ ಮಾಡದಿದ್ದರೆ ಅರ್ಧ ನಿಮಿಷದವರೆಗಿನ ಕೆಲಸ ಬರೀ ಮೆಮರಿಯಲ್ಲೇ ಇರಬಹುದು. ಪ್ರೋಗ್ರಾಂ ಸತ್ತರೂ ಈ ಡೇಟಾ ಉಳಿಯುತ್ತದೆ. ಕರ್ನಲ್ ಕುಸಿದರೆ ಅಥವಾ ಕರೆಂಟ್ ಹೋದರೆ ಉಳಿಯುವುದಿಲ್ಲ.

ಮೂರನೆಯದು ಡಿಸ್ಕ್ ಒಳಗಿನ ಕ್ಯಾಶ್. ಹಾರ್ಡ್ ಡಿಸ್ಕ್ ಆಗಲಿ ಎಸ್‌ಎಸ್‌ಡಿ ಆಗಲಿ, ಅದರೊಳಗೆ ತನ್ನದೇ ಮೆಮರಿ ಇರುತ್ತದೆ. ಬರೆದೆ ಎಂದು ಡಿಸ್ಕ್ ಹೇಳಿದ ಮೇಲೂ ಡೇಟಾ ಆ ಮೆಮರಿಯಲ್ಲೇ ಇರಬಹುದು. ಕರೆಂಟ್ ಹೋದರೆ ಇದೂ ಹೋಗುತ್ತದೆ.

ಎಫ್‌ಫ್ಲಶ್ ಮೊದಲನೆಯದನ್ನು ಖಾಲಿ ಮಾಡುತ್ತದೆ. ಎಫ್‌ಸಿಂಕ್ ಎರಡನೆಯದನ್ನು ಖಾಲಿ ಮಾಡಿ, ಮೂರನೆಯದನ್ನೂ ಖಾಲಿ ಮಾಡು ಎಂದು ಡಿಸ್ಕ್‌ಗೆ ಹೇಳುತ್ತದೆ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಎಫ್‌ಫ್ಲಶ್ ಇಲ್ಲದೆ ಎಫ್‌ಸಿಂಕ್ ಕರೆದರೆ, ಕರ್ನಲ್‌ಗೆ ಇನ್ನೂ ಬಂದೇ ಇಲ್ಲದ ಡೇಟಾವನ್ನು ಅದು ಹೇಗೆ ಬರೆದೀತು?

ಇನ್ನೊಂದು ತಪ್ಪು ನಂಬಿಕೆ: ಬರೆದ ಮೇಲೆ ಫೈಲನ್ನು ಮತ್ತೆ ತೆರೆದು ಓದಿ, ಸರಿ ಇದೆ ಅಂದುಕೊಳ್ಳುವುದು. ಆ ಓದು ಪೇಜ್ ಕ್ಯಾಶ್‌ನಿಂದಲೇ ಬರುತ್ತದೆ. ಡಿಸ್ಕ್‌ನಲ್ಲಿ ಏನಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ.

## ಪೂರ್ತಿ ಕ್ರಮ ಒಮ್ಮೆ ನೋಡಿ

ಸೆಟ್ಟಿಂಗ್ ಫೈಲ್, ಲೆಕ್ಕದ ಫೈಲ್, ಬಳಕೆದಾರರ ದಾಖಲೆ, ಹೀಗೆ ಪೂರ್ತಿಯಾಗಿ ಹೊಸದಾಗಿ ಬರೆಯುವ ಯಾವ ಫೈಲಿಗಾದರೂ ಈ ಕ್ರಮ:

1. ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಫೈಲ್ ತೆರೆಯಿರಿ
2. ಡೇಟಾ ಪೂರ್ತಿ ಬರೆಯಿರಿ
3. ಎಫ್‌ಫ್ಲಶ್
4. ತಾತ್ಕಾಲಿಕ ಫೈಲಿಗೆ ಎಫ್‌ಸಿಂಕ್
5. ಕ್ಲೋಸ್
6. ರೀನೇಮ್ ಮಾಡಿ ಹಳೆಯದರ ಜಾಗಕ್ಕೆ ತನ್ನಿ
7. ಫೋಲ್ಡರ್‌ಗೆ ಎಫ್‌ಸಿಂಕ್

ಏಳರಲ್ಲಿ ಯಾವುದು ಸೋತರೂ ಅಲ್ಲೇ ನಿಲ್ಲಬೇಕು, ಮುಂದಿನದಕ್ಕೆ ಹೋಗಬಾರದು. ಏಳೂ ಗೆದ್ದ ಮೇಲೆಯೇ ಬಳಕೆದಾರರಿಗೆ ‘ಸೇವ್ ಆಯಿತು’ ಎಂದು ಹೇಳಬೇಕು.

## ಹಂತ 1: ತಾತ್ಕಾಲಿಕ ಫೈಲ್ ಅದೇ ಫೋಲ್ಡರಿನಲ್ಲಿ ಇರಲಿ

ಹಳೆಯ ಫೈಲನ್ನೇ ಓ_ಟ್ರಂಕ್ (ತೆರೆಯುವಾಗಲೇ ಖಾಲಿ ಮಾಡು ಎಂಬ ಫ್ಲಾಗ್) ಹಾಕಿ ತೆರೆದು ಬರೆಯಬೇಡಿ. ಎಫ್‌ಓಪನ್‌ಗೆ ‘ಡಬ್ಲ್ಯೂ’ ಕೊಟ್ಟರೂ ಆಗುವುದು ಅದೇ. ತೆರೆದ ಕ್ಷಣವೇ ಹಳೆಯ ಡೇಟಾ ಹೋಗುತ್ತದೆ, ಹೊಸದು ಇನ್ನೂ ಬಂದಿರುವುದಿಲ್ಲ. ಆ ಮಧ್ಯದಲ್ಲಿ ಕರೆಂಟ್ ಹೋದರೆ ಎರಡೂ ಇಲ್ಲ. 0 ಬೈಟ್ ಫೈಲಿನ ದೂರುಗಳಲ್ಲಿ ಬಹಳಷ್ಟು ಇಲ್ಲೇ ಹುಟ್ಟುತ್ತವೆ.

ತಾತ್ಕಾಲಿಕ ಫೈಲನ್ನು /ಟಿಎಂಪಿಯಲ್ಲಿ ಇಡಬೇಡಿ. ರೀನೇಮ್ ಕೆಲಸ ಮಾಡುವುದು ಒಂದೇ ಫೈಲ್‌ಸಿಸ್ಟಮ್ ಒಳಗೆ ಮಾತ್ರ. ಬೇರೆ ಬೇರೆ ಆದರೆ ಅದು ಎರರ್ ಕೊಡುತ್ತದೆ. ಆಗ ಕೆಲವರು ಕಾಪಿ ಮಾಡಿ ಹಳೆಯದನ್ನು ಅಳಿಸುವ ಕೋಡ್ ಬರೆಯುತ್ತಾರೆ. ಅಲ್ಲಿಗೆ ಸುರಕ್ಷತೆಯ ಕಥೆ ಮುಗಿಯಿತು.

ತಾತ್ಕಾಲಿಕ ಫೈಲ್ ಮಾಡಿಕೊಡುವ ಎಂಕೆಎಸ್‌ಟೆಂಪ್ ಬಳಸಿದರೆ ಹೆಸರು ಡಿಕ್ಕಿ ಹೊಡೆಯುವುದಿಲ್ಲ. ಆದರೆ ಅದು ಫೈಲಿಗೆ 0600 ಅನುಮತಿ ಕೊಡುತ್ತದೆ, ಅಂದರೆ ಮಾಲೀಕರು ಬಿಟ್ಟು ಬೇರೆಯವರು ಓದಲಾಗುವುದಿಲ್ಲ. ಹಳೆಯ ಫೈಲಿಗೆ 0644 (ಎಲ್ಲರೂ ಓದಬಹುದು) ಇದ್ದರೆ, ರೀನೇಮ್ ಆದ ಮೇಲೆ ಬೇರೆ ಸರ್ವಿಸ್‌ಗಳಿಗೆ ಫೈಲ್ ಓದಲಾಗದೆ ಅವು ನಿಲ್ಲುತ್ತವೆ. ಹಾಗಾಗಿ ಹಳೆಯ ಫೈಲಿನ ಅನುಮತಿ ನೋಡಿಕೊಂಡು, ಎಫ್‌ಸಿಂಕ್‌ಗೆ ಮೊದಲೇ ಎಫ್‌ಸಿಎಚ್‌ಮಾಡ್ ಕರೆದು ಅದೇ ಅನುಮತಿ ಕೊಡಿ.

ಗುರಿಯ ಫೈಲ್ ಸಿಂಬಾಲಿಕ್ ಲಿಂಕ್ (ಬೇರೆ ಫೈಲಿನತ್ತ ಬೆರಳು ತೋರಿಸುವ ಹೆಸರು) ಆಗಿದ್ದರೆ ರೀನೇಮ್ ಆ ಲಿಂಕನ್ನೇ ಬದಲಿಸಿಬಿಡುತ್ತದೆ. ಮೊದಲು ರಿಯಲ್‌ಪಾತ್‌ನಿಂದ ನಿಜವಾದ ಜಾಗ ಹುಡುಕಿ, ಅಲ್ಲೇ ತಾತ್ಕಾಲಿಕ ಫೈಲ್ ಮಾಡಿ. ಹಾರ್ಡ್ ಲಿಂಕ್ ಇರುವ, ಅಂದರೆ ಒಂದಕ್ಕಿಂತ ಹೆಚ್ಚು ಹೆಸರಿರುವ, ಫೈಲುಗಳಿಗೆ ಈ ವಿಧಾನ ಹೊಂದುವುದಿಲ್ಲ. ಇನ್ನೊಂದು ಹೆಸರು ಹಳೆಯ ಡೇಟಾವನ್ನೇ ತೋರಿಸುತ್ತಾ ಉಳಿಯುತ್ತದೆ.

## ಹಂತ 2: ಡೇಟಾ ಪೂರ್ತಿ ಬರೆಯಿರಿ

ರೈಟ್ ಕರೆದ ತಕ್ಷಣ ಕೊಟ್ಟಷ್ಟೂ ಬೈಟ್ ಹೋಗುತ್ತದೆ ಎಂದು ಅಂದುಕೊಳ್ಳಬೇಡಿ. ಅದು ಎಷ್ಟು ಬರೆಯಿತು ಎಂಬ ಸಂಖ್ಯೆ ಕೊಡುತ್ತದೆ, ಆ ಸಂಖ್ಯೆ ನೀವು ಕೇಳಿದ್ದಕ್ಕಿಂತ ಕಡಿಮೆ ಇರಬಹುದು. ಡಿಸ್ಕ್ ತುಂಬುತ್ತಾ ಬಂದಾಗ ಹೀಗೆ ಆಗುತ್ತದೆ. ಲಿನಕ್ಸ್‌ನಲ್ಲಿ ಒಂದು ರೈಟ್ ಕರೆಗೆ ಮೇಲ್ಮಿತಿಯೂ ಇದೆ: 2,147,479,552 ಬೈಟ್, ಅಂದರೆ 2 ಜಿಬಿಗೆ ಸ್ವಲ್ಪ ಕಡಿಮೆ. 64 ಬಿಟ್ ಯಂತ್ರದಲ್ಲೂ ಇದೇ.

ಹಾಗಾಗಿ ಲೂಪ್ ಬೇಕೇ ಬೇಕು. ಎಷ್ಟು ಹೋಯಿತೋ ಅಷ್ಟು ಮುಂದೆ ಸರಿದು ಉಳಿದದ್ದನ್ನು ಬರೆಯಿರಿ. ಮೈನಸ್ 1 ಬಂದು, ಕಾರಣ ಇಐಎನ್‌ಟಿಆರ್ ಆಗಿದ್ದರೆ, ಅಂದರೆ ಮಧ್ಯದಲ್ಲಿ ಸಿಗ್ನಲ್ ಬಂದು ತಡೆದಿದ್ದರೆ, ಮತ್ತೆ ಪ್ರಯತ್ನಿಸಿ. ಬೇರೆ ಯಾವ ಕಾರಣವಾದರೂ ನಿಲ್ಲಿಸಿ, ತಾತ್ಕಾಲಿಕ ಫೈಲ್ ಅಳಿಸಿ, ಮೇಲಕ್ಕೆ ಎರರ್ ಕೊಡಿ.

ಎಫ್‌ರೈಟ್ ಬಳಸುವವರಿಗೆ ಲೂಪ್‌ನ ಕೆಲಸವನ್ನು ಲೈಬ್ರರಿ ಮಾಡಿಕೊಡುತ್ತದೆ. ಆದರೆ ಅದು ಕೊಟ್ಟ ಸಂಖ್ಯೆಯನ್ನು ನೋಡಲೇಬೇಕು.

## ಹಂತ 3: ಎಫ್‌ಫ್ಲಶ್ ಮಾಡಿ, ಉತ್ತರ ನೋಡಿ

ನೇರವಾಗಿ ರೈಟ್ ಬಳಸಿದ್ದರೆ ಈ ಹಂತ ಬೇಡ, ಮುಂದಿನದಕ್ಕೆ ಹೋಗಿ.

ಎಫ್‌ಪ್ರಿಂಟ್‌ಎಫ್ ಬಳಸಿದ್ದರೆ ಇಲ್ಲಿ ಒಂದು ಮೋಸ ಇದೆ. ಡಿಸ್ಕ್ ತುಂಬಿದ್ದರೂ ಎಫ್‌ಪ್ರಿಂಟ್‌ಎಫ್ ಗೆದ್ದೆ ಎನ್ನಬಹುದು, ಏಕೆಂದರೆ ಅದು ಬರೀ ಬಫರ್‌ಗೆ ಬರೆದಿರುತ್ತದೆ. ನಿಜವಾದ ಎರರ್ ಹೊರಬರುವುದು ಎಫ್‌ಫ್ಲಶ್‌ನಲ್ಲಿ. ಅದರ ಉತ್ತರ ನೋಡದಿದ್ದರೆ ಎರರ್ ಸಿಕ್ಕುವ ಅವಕಾಶವನ್ನೇ ಬಿಟ್ಟ ಹಾಗೆ.

ಇದನ್ನು ಪರೀಕ್ಷಿಸುವುದು ಸುಲಭ. ಲಿನಕ್ಸ್‌ನಲ್ಲಿ /ಡೆವ್/ಫುಲ್ ಎಂಬ ವಿಶೇಷ ಫೈಲ್ ಇದೆ. ಅದಕ್ಕೆ ಏನು ಬರೆದರೂ ಜಾಗ ಇಲ್ಲ ಎಂಬ ಎರರ್ ಬರುತ್ತದೆ. ನಿಮ್ಮ ಬರೆಯುವ ಫಂಕ್ಷನ್‌ಗೆ ಆ ಫೈಲ್ ಕೊಟ್ಟು ನೋಡಿ. ಎರರ್ ಹೇಳಿತೇ, ಅಥವಾ ಎಲ್ಲಾ ಸರಿ ಅಂದಿತೇ? ಸರಿ ಅಂದರೆ ನಿಮ್ಮ ಕೋಡ್‌ನಲ್ಲಿ ತೂತಿದೆ.

ಸಿ++ನಲ್ಲಿ ಎಂಡ್‌ಎಲ್ ಬರೆದರೂ, ಪೈಥಾನ್‌ನಲ್ಲಿ ಫ್ಲಶ್ ಕರೆದರೂ, ಗೋ ಭಾಷೆಯ ಬಫ್‌ಐಓ ರೈಟರ್‌ನಲ್ಲಿ ಫ್ಲಶ್ ಮಾಡಿದರೂ ಅದು ಈ ಹಂತ ಮಾತ್ರ. ಡೇಟಾ ಕರ್ನಲ್‌ವರೆಗೆ ಹೋಯಿತು, ಡಿಸ್ಕ್‌ವರೆಗೆ ಅಲ್ಲ.

ಫೋರ್ಕ್ ಮಾಡುವ ಪ್ರೋಗ್ರಾಂ ಆದರೆ ಫೋರ್ಕ್‌ಗೆ ಮೊದಲೇ ಎಫ್‌ಫ್ಲಶ್ ಮಾಡಿ. ಇಲ್ಲದಿದ್ದರೆ ಬಫರ್‌ನಲ್ಲಿ ಉಳಿದದ್ದು ಮಗು ಪ್ರೋಸೆಸ್‌ಗೂ ಕಾಪಿಯಾಗಿ, ಅದೇ ಸಾಲು ಫೈಲಿನಲ್ಲಿ ಎರಡು ಸಲ ಬರುತ್ತದೆ.

## ಹಂತ 4: ಎಫ್‌ಸಿಂಕ್

ಎಫ್‌ಸಿಂಕ್‌ಗೆ ಬೇಕಾಗುವುದು ಫೈಲ್ ಡಿಸ್ಕ್ರಿಪ್ಟರ್ ಸಂಖ್ಯೆ, ಅಂದರೆ ತೆರೆದ ಫೈಲಿಗೆ ಕರ್ನಲ್ ಕೊಟ್ಟ ಗುರುತು. ಫೈಲ್ ಪಾಯಿಂಟರ್ ಇದ್ದರೆ ಫೈಲ್‌ನೋ ಕರೆದು ಸಂಖ್ಯೆ ಪಡೆಯಿರಿ. ಪೈಥಾನ್‌ನಲ್ಲಿ ಮೊದಲು ಫ್ಲಶ್, ಆಮೇಲೆ ಓಎಸ್ ಮಾಡ್ಯೂಲ್‌ನ ಎಫ್‌ಸಿಂಕ್. ಜಾವಾದಲ್ಲಿ ಫೈಲ್‌ಚಾನೆಲ್‌ನ ಫೋರ್ಸ್. ಗೋದಲ್ಲಿ ಫೈಲಿನ ಸಿಂಕ್. ರಸ್ಟ್‌ನಲ್ಲಿ ಸಿಂಕ್_ಆಲ್.

ಈ ಕರೆ ಡೇಟಾ ಹೋಗಿ ತಲುಪುವವರೆಗೆ ಕಾಯುತ್ತದೆ. ಹಾಗಾಗಿ ನಿಧಾನ. ಪರದೆ ನೋಡಿಕೊಳ್ಳುವ ಥ್ರೆಡ್‌ನಲ್ಲಿ ಕರೆದರೆ ಕಿಟಕಿ ಹೆಪ್ಪುಗಟ್ಟಿದ ಹಾಗೆ ನಿಲ್ಲುತ್ತದೆ. ಬೇರೆ ಥ್ರೆಡ್‌ನಲ್ಲಿ ಕರೆಯಿರಿ.

ಎಫ್‌ಡೇಟಾಸಿಂಕ್ ಎಂಬ ಚಿಕ್ಕ ತಮ್ಮನೂ ಇದ್ದಾನೆ. ಬದಲಾದ ಸಮಯದಂಥ ವಿವರಗಳನ್ನು ಅದು ಬಿಟ್ಟುಬಿಡುತ್ತದೆ. ಆದರೆ ಫೈಲಿನ ಗಾತ್ರ ಬದಲಾಗಿದ್ದರೆ ಅದನ್ನು ಬರೆಯುತ್ತದೆ, ಏಕೆಂದರೆ ಗಾತ್ರ ಗೊತ್ತಿಲ್ಲದೆ ಡೇಟಾ ಓದಲಾಗುವುದಿಲ್ಲ. ಹೊಸ ತಾತ್ಕಾಲಿಕ ಫೈಲಿಗೆ ಇದರಿಂದ ಹೆಚ್ಚೇನೂ ಉಳಿತಾಯ ಇಲ್ಲ. ಸುಮ್ನೆ ಎಫ್‌ಸಿಂಕ್ ಬಳಸಿ.

ಹೆಸರು ನೋಡಿ ಮೋಸಹೋಗಬಹುದಾದ ಮೂರು ಇವೆ. ಸಿಂಕ್_ಫೈಲ್_ರೇಂಜ್ ಮೆಟಾಡೇಟಾವನ್ನು (ಫೈಲಿನ ಗಾತ್ರದಂಥ ವಿವರಗಳನ್ನು) ಬರೆಯುವುದಿಲ್ಲ, ಡಿಸ್ಕ್ ಕ್ಯಾಶ್ ಖಾಲಿ ಮಾಡಿಸುವುದೂ ಇಲ್ಲ. ಸುರಕ್ಷತೆಗೆ ಅದನ್ನು ನಂಬಬೇಡಿ. ಓ_ಡೈರೆಕ್ಟ್ ಪೇಜ್ ಕ್ಯಾಶ್ ದಾಟಿ ಹೋಗುತ್ತದೆ, ಆದರೆ ಡಿಸ್ಕ್ ಕ್ಯಾಶ್‌ನಲ್ಲೇ ನಿಲ್ಲುತ್ತದೆ. ಅದನ್ನು ಬಳಸಿದರೂ ಎಫ್‌ಸಿಂಕ್ ಬೇಕು. ಎಂಸಿಂಕ್‌ಗೆ ಎಂಎಸ್_ಅಸಿಂಕ್ ಕೊಟ್ಟರೆ ಇಂದಿನ ಲಿನಕ್ಸ್‌ನಲ್ಲಿ ಅದು ಏನೂ ಮಾಡುವುದಿಲ್ಲ. ಎಂಮ್ಯಾಪ್ ಮಾಡಿದ, ಅಂದರೆ ಮೆಮರಿಗೆ ಜೋಡಿಸಿಕೊಂಡು ಬರೆಯುವ, ಫೈಲಿಗೆ ಎಂಎಸ್_ಸಿಂಕ್ ಕೊಡಿ.

## ಎಫ್‌ಸಿಂಕ್ ಸೋತರೆ ಏನು ಮಾಡಬೇಕು

ಇಲ್ಲಿ ಸ್ವಲ್ಪ ನಿಂತು ಓದಿ. ಈ ಮಾರ್ಗದರ್ಶಿಯಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳಲು ಸಾಧ್ಯ ಅಂದರೆ ಇದನ್ನೇ ಇಟ್ಟುಕೊಳ್ಳಿ.

ಎಫ್‌ಸಿಂಕ್ ಸೋತಾಗ ಬಹಳ ಜನ ಬರೆಯುವ ಕೋಡ್ ಹೀಗಿರುತ್ತದೆ: ಎರರ್ ಬಂತಾ, ಸ್ವಲ್ಪ ಕಾದು ಮತ್ತೆ ಕರೆಯಿರಿ, ಗೆದ್ದರೆ ಮುಂದೆ ಹೋಗಿ. ನೋಡಲು ಜಾಣತನದ ಹಾಗಿದೆ, ಅಲ್ವಾ? ಇದು ಡೇಟಾ ಕಳೆಯುವ ಕೋಡ್.

ಕಾರಣ ಇಷ್ಟು. ಡಿಸ್ಕ್‌ಗೆ ಬರೆಯಲು ಹೋಗಿ ವಿಫಲವಾದ ಪುಟವನ್ನು ಲಿನಕ್ಸ್‌ನಲ್ಲಿ ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್‌ನಂಥ ಫೈಲ್‌ಸಿಸ್ಟಮ್‌ಗಳು ‘ಕ್ಲೀನ್’ ಎಂದು ಗುರುತು ಹಾಕುತ್ತವೆ. ಕರ್ನಲ್ ಎರರನ್ನು ನಿಮಗೆ ಒಮ್ಮೆ ಹೇಳುತ್ತದೆ. ಎರಡನೇ ಸಲ ಎಫ್‌ಸಿಂಕ್ ಕರೆದಾಗ ಬರೆಯಬೇಕಾದ ಡರ್ಟಿ ಪೇಜ್ ಒಂದೂ ಇಲ್ಲ. ಹಾಗಾಗಿ ಯಶಸ್ಸು ಅನ್ನುತ್ತದೆ. ಡೇಟಾ ಮಾತ್ರ ಡಿಸ್ಕ್‌ನಲ್ಲಿ ಇಲ್ಲ. ಓದಿ ನೋಡಿದರೆ ಮೆಮರಿಯಲ್ಲಿ ಉಳಿದ ಹೊಸ ಪುಟ ಕಾಣಿಸಿ ಎಲ್ಲಾ ಸರಿಯಿದ್ದ ಹಾಗೆ ತೋರಬಹುದು. ಆ ಪುಟ ಮೆಮರಿಯಿಂದ ಹೊರಗೆ ಹೋದ ಮೇಲೆ ಹಳೆಯದು ಪ್ರತ್ಯಕ್ಷ.

ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಂಥ ಪಳಗಿದ ಡೇಟಾಬೇಸ್ ಕೂಡ ಎಷ್ಟೋ ವರ್ಷ ಎರಡನೇ ಸಲ ಕರೆದರೆ ಸಾಕು ಎಂದೇ ನಂಬಿತ್ತು. 2018ರಲ್ಲಿ ಈ ವಿಷಯ ದೊಡ್ಡ ಚರ್ಚೆಯಾಯಿತು. 2019ರ ಫೆಬ್ರವರಿಯ ಬಿಡುಗಡೆಗಳಿಂದ ಅದು ಡೇಟಾ ಫೈಲಿನ ಎಫ್‌ಸಿಂಕ್ ಸೋತರೆ ಪೂರ್ತಿ ನಿಂತು, ತನ್ನ ಲಾಗ್‌ನಿಂದ ಎಲ್ಲವನ್ನೂ ಮತ್ತೆ ಕಟ್ಟಿಕೊಳ್ಳುತ್ತದೆ. ಲಿನಕ್ಸ್ ಕಡೆಯಿಂದ 4.13ನೇ ಆವೃತ್ತಿಯಲ್ಲಿ ಎರರ್ ವರದಿ ಮಾಡುವ ರೀತಿ ಸುಧಾರಿಸಿತು. ಅದಕ್ಕೆ ಮೊದಲು ಒಂದು ಪ್ರೋಸೆಸ್ ಎರರ್ ಕೇಳಿಸಿಕೊಂಡರೆ ಇನ್ನೊಂದಕ್ಕೆ ಅದು ಸಿಗದೇ ಹೋಗುವ ಸಾಧ್ಯತೆ ಇತ್ತು.

ಹಾಗಾದರೆ ನೀವು ಮಾಡಬೇಕಾದದ್ದು:

ತಾತ್ಕಾಲಿಕ ಫೈಲ್ ವಿಧಾನದಲ್ಲಿದ್ದರೆ ರೀನೇಮ್ ಮಾಡಬೇಡಿ. ಫೈಲ್ ಮುಚ್ಚಿ, ಅಳಿಸಿ. ಹಳೆಯ ಫೈಲ್ ಹಾಗೇ ಇದೆ, ಅದಕ್ಕೆ ಏನೂ ಆಗಿಲ್ಲ. ಮತ್ತೆ ಪ್ರಯತ್ನಿಸುವುದಾದರೆ ಪ್ರೋಗ್ರಾಂ ಮೆಮರಿಯಲ್ಲಿರುವ ಮೂಲ ಡೇಟಾದಿಂದ, ಹೊಸ ತಾತ್ಕಾಲಿಕ ಫೈಲ್ ತೆರೆದು, ಹಂತ 1ರಿಂದ ಶುರು ಮಾಡಿ.

ಇರುವ ಫೈಲಿಗೇ ಬರೆಯುವ ಪ್ರೋಗ್ರಾಂ ಆದರೆ ಬರೆಯುವುದನ್ನು ನಿಲ್ಲಿಸಿ. ಆ ಫೈಲಿನ ಕೊನೆಯ ಯಶಸ್ವಿ ಎಫ್‌ಸಿಂಕ್ ನಂತರದ ಯಾವ ಭಾಗವನ್ನೂ ನಂಬಬೇಡಿ. ಬಳಕೆದಾರರಿಗೆ ಸ್ಪಷ್ಟವಾಗಿ ಹೇಳಿ. ಕೆಟ್ಟ ಸುದ್ದಿ ಈಗಲೇ ತಿಳಿದರೆ ಅವರು ಬೇರೆ ಕಡೆ ಕಾಪಿ ಇಟ್ಟುಕೊಳ್ಳಬಹುದು.

ಕರ್ನಲ್ ಲಾಗನ್ನೂ ನೋಡಿ. ಡಿಮೆಸೇಜ್ ಆದೇಶ ಕೊಟ್ಟಾಗ ಐಓ ಎರರ್ ಸಾಲುಗಳು ಕಂಡರೆ ಡಿಸ್ಕ್ ಅಥವಾ ಕೇಬಲ್ ಹಾಳಾಗುತ್ತಿದೆ ಎಂದರ್ಥ. ಅಲ್ಲಿ ಕೋಡ್ ತಿದ್ದಿ ಪ್ರಯೋಜನ ಇಲ್ಲ.

## ಹಂತ 5: ಕ್ಲೋಸ್

ಕ್ಲೋಸ್ ಡೇಟಾವನ್ನು ಡಿಸ್ಕ್‌ಗೆ ಕಳಿಸುವುದಿಲ್ಲ. ಈ ತಪ್ಪು ತಿಳಿವಳಿಕೆ ತುಂಬಾ ಜನರಲ್ಲಿದೆ. ಎಫ್‌ಕ್ಲೋಸ್ ಒಳಗೆ ಎಫ್‌ಫ್ಲಶ್ ಇದೆ, ಎಫ್‌ಸಿಂಕ್ ಇಲ್ಲ.

ಆದರೂ ಅದರ ಉತ್ತರ ನೋಡಿ. ಎನ್‌ಎಫ್‌ಎಸ್‌ನಂಥ ನೆಟ್‌ವರ್ಕ್ ಫೈಲ್‌ಸಿಸ್ಟಮ್‌ನಲ್ಲಿ ಜಾಗ ಇಲ್ಲ, ಕೋಟಾ ಮುಗಿಯಿತು ಎಂಬ ಎರರ್‌ಗಳು ಕ್ಲೋಸ್‌ನಲ್ಲಿ ಬರಬಹುದು. ಎರರ್ ಬಂದರೂ ಲಿನಕ್ಸ್‌ನಲ್ಲಿ ಅದೇ ಸಂಖ್ಯೆಯನ್ನು ಎರಡನೇ ಸಲ ಕ್ಲೋಸ್ ಮಾಡಬೇಡಿ. ಸಂಖ್ಯೆ ಆಗಲೇ ಬಿಡುಗಡೆಯಾಗಿರುತ್ತದೆ. ಬೇರೆ ಥ್ರೆಡ್ ಅದೇ ಸಂಖ್ಯೆಯಲ್ಲಿ ಇನ್ನೊಂದು ಫೈಲ್ ತೆರೆದಿದ್ದರೆ ನೀವು ಅದನ್ನು ಮುಚ್ಚಿಬಿಡುತ್ತೀರಿ.

## ಹಂತ 6: ರೀನೇಮ್

ರೀನೇಮ್‌ಗೆ ಒಂದು ಒಳ್ಳೆಯ ಗುಣ ಇದೆ. ಯಾರೇ ಆ ಹೆಸರಿನ ಫೈಲ್ ತೆರೆದರೂ ಅವರಿಗೆ ಪೂರ್ತಿ ಹಳೆಯದು ಸಿಗುತ್ತದೆ ಅಥವಾ ಪೂರ್ತಿ ಹೊಸದು ಸಿಗುತ್ತದೆ. ಅರ್ಧಂಬರ್ಧ ಇಲ್ಲ.

ಆದರೆ ಹಂತ 4 ಬಿಟ್ಟು ನೇರವಾಗಿ ಇಲ್ಲಿಗೆ ಬಂದರೆ ಆ ಗುಣ ಕರೆಂಟ್ ಹೋದಾಗ ಕಾಪಾಡುವುದಿಲ್ಲ. ಇಎಕ್ಸ್‌ಟಿ4 ಡಿಸ್ಕ್‌ನಲ್ಲಿ ಜಾಗ ಹಂಚುವುದನ್ನು ಮುಂದೂಡುತ್ತದೆ. ಹೆಸರು ಬದಲಾದದ್ದು ಮೊದಲು ಡಿಸ್ಕ್ ಸೇರಿ, ಒಳಗಿನ ಡೇಟಾ ಆಮೇಲೆ ಸೇರಬಹುದು. ಮಧ್ಯದಲ್ಲಿ ಯಂತ್ರ ನಿಂತರೆ ಸರಿಯಾದ ಹೆಸರಿನ ಖಾಲಿ ಫೈಲ್ ಸಿಗುತ್ತದೆ. 2009ರಲ್ಲಿ ಇಎಕ್ಸ್‌ಟಿ4ಗೆ ಬದಲಾದ ಡೆಸ್ಕ್‌ಟಾಪ್ ಬಳಕೆದಾರರು ಯಂತ್ರ ಕುಸಿದ ನಂತರ ಸೆಟ್ಟಿಂಗ್ ಫೈಲುಗಳು ಖಾಲಿಯಾಗಿವೆ ಎಂದು ದೂರಿದ್ದು ಇದೇ ಕಾರಣಕ್ಕೆ.

ಆಮೇಲೆ ಇಎಕ್ಸ್‌ಟಿ4ಗೆ ಆಟೋ_ಡಿಎ_ಅಲಾಕ್ ಎಂಬ ರಕ್ಷಣೆ ಸೇರಿತು. ರೀನೇಮ್ ಮಾಡಿ ಹಳೆಯ ಫೈಲ್ ಬದಲಿಸುವುದನ್ನು ಅದು ಗುರುತಿಸಿ ಡೇಟಾವನ್ನು ಬೇಗ ಕಳಿಸುತ್ತದೆ. ನನ್ನ ಯಂತ್ರದಲ್ಲಿ ಎಫ್‌ಸಿಂಕ್ ಇಲ್ಲದೆಯೂ ಸರಿಯಾಗಿದೆ ಎನ್ನುವವರ ಅನುಭವಕ್ಕೆ ಇದು ಕಾರಣ ಇರಬಹುದು. ಅದನ್ನು ನಂಬಿ ಕೋಡ್ ಬರೆಯಬೇಡಿ. ಬೇರೆ ಫೈಲ್‌ಸಿಸ್ಟಮ್ ಮೇಲೆ ಅದೇ ಪ್ರೋಗ್ರಾಂ ಓಡಿದಾಗ ಆ ರಕ್ಷಣೆ ಇಲ್ಲದೇ ಹೋಗಬಹುದು.

## ಹಂತ 7: ಫೋಲ್ಡರ್‌ಗೂ ಎಫ್‌ಸಿಂಕ್

ಅತಿ ಹೆಚ್ಚು ಜನ ಮರೆಯುವುದು ಇದನ್ನೇ. ಫೈಲಿನ ಹೆಸರು ಫೈಲಿನೊಳಗೆ ಇರುವುದಿಲ್ಲ, ಫೋಲ್ಡರಿನಲ್ಲಿ ಇರುತ್ತದೆ. ಫೈಲಿಗೆ ಎಫ್‌ಸಿಂಕ್ ಮಾಡಿದರೆ ಒಳಗಿನ ಡೇಟಾ ಭದ್ರ. ರೀನೇಮ್ ಬದಲಿಸಿದ ಹೆಸರು ಇನ್ನೂ ಮೆಮರಿಯಲ್ಲೇ ಇದೆ.

ಫೋಲ್ಡರನ್ನು ಓದಲು ಮಾತ್ರ ಎಂದು ತೆರೆಯಿರಿ, ಓ_ಡೈರೆಕ್ಟರಿ ಸೇರಿಸಿ. ಸಿಕ್ಕ ಸಂಖ್ಯೆಗೆ ಎಫ್‌ಸಿಂಕ್ ಕರೆಯಿರಿ, ಮುಚ್ಚಿ. ಅಷ್ಟೇ. ಫೋಲ್ಡರನ್ನು ಬರೆಯಲು ತೆರೆಯಲು ಹೋದರೆ ಎರರ್ ಬರುತ್ತದೆ, ಅದಕ್ಕೆ ಗಾಬರಿ ಬೇಡ.

ಹೊಸ ಫೋಲ್ಡರನ್ನೇ ಮಾಡಿದ್ದರೆ ಅದರ ಮೇಲಿನ ಫೋಲ್ಡರ್‌ಗೂ ಎಫ್‌ಸಿಂಕ್ ಬೇಕು. ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ರೀನೇಮ್ ಮಾಡಿದ್ದರೆ ಎರಡಕ್ಕೂ ಬೇಕು.

ಈ ಹಂತದಲ್ಲಿ ಎರರ್ ಬಂದರೆ? ಕರೆಂಟ್ ಹೋಗಿ ಬಂದ ಮೇಲೆ ಹಳೆಯದು ಸಿಗುತ್ತದೋ ಹೊಸದೋ ಎಂದು ಹೇಳಲಾಗದು. ‘ಸೇವ್ ಆಯಿತು’ ಎಂದು ಮಾತ್ರ ಹೇಳಬೇಡಿ.

ಪ್ರೋಗ್ರಾಂ ಶುರುವಾದಾಗ ಹಿಂದಿನ ಸಲ ಅರ್ಧಕ್ಕೆ ಉಳಿದ ತಾತ್ಕಾಲಿಕ ಫೈಲುಗಳಿದ್ದರೆ ಅಳಿಸುವ ನಾಲ್ಕು ಸಾಲು ಬರೆದಿಡಿ. ಅವು ಗುರುತಿಸಲು ಸುಲಭವಾಗುವ ಹಾಗೆ ಹೆಸರಿನ ಕೊನೆಗೆ ಒಂದೇ ಬಗೆಯ ಬಾಲ ಇಡಿ.

## ಹಂತ 8: ಪರೀಕ್ಷೆ

ಕಿಲ್ ಮೈನಸ್ 9 ಕೊಟ್ಟು ಪ್ರೋಗ್ರಾಂ ಸಾಯಿಸಿ, ಫೈಲ್ ಸರಿ ಇದೆ ಎಂದು ಸಮಾಧಾನ ಪಡುವುದು ಪರೀಕ್ಷೆಯಲ್ಲ. ಪ್ರೋಗ್ರಾಂ ಸತ್ತರೂ ಪೇಜ್ ಕ್ಯಾಶ್ ಬದುಕಿರುತ್ತದೆ. ಎಫ್‌ಸಿಂಕ್ ಒಂದೂ ಇಲ್ಲದ ಕೋಡ್ ಕೂಡ ಆ ಪರೀಕ್ಷೆಯಲ್ಲಿ ಪಾಸಾಗಬಹುದು.

ಮೊದಲ ಪರೀಕ್ಷೆ ಕ್ರಮದ್ದು. ಎಸ್‌ಟ್ರೇಸ್ ಕೆಳಗೆ ಪ್ರೋಗ್ರಾಂ ಓಡಿಸಿ, ಓಪನ್‌ಅಟ್, ರೈಟ್, ಎಫ್‌ಸಿಂಕ್, ಕ್ಲೋಸ್, ರೀನೇಮ್ ಕರೆಗಳನ್ನು ಮಾತ್ರ ತೋರಿಸಲು ಹೇಳಿ. ಥ್ರೆಡ್‌ಗಳಿದ್ದರೆ ಮೈನಸ್ ಎಫ್ ಆಯ್ಕೆ ಸೇರಿಸಿ. ಬಂದ ಸಾಲುಗಳನ್ನು ಮೇಲಿನ ಏಳರ ಪಟ್ಟಿ ಜೊತೆ ಹೋಲಿಸಿ. ಎಫ್‌ಸಿಂಕ್ ಆದ ಮೇಲೆ ಅದೇ ಫೈಲಿಗೆ ಇನ್ನೊಂದು ರೈಟ್ ಕಂಡರೆ ಎಫ್‌ಫ್ಲಶ್ ಬಿಟ್ಟುಹೋಗಿದೆ. ರೀನೇಮ್ ನಂತರ ಎಫ್‌ಸಿಂಕ್ ಕಾಣದಿದ್ದರೆ ಫೋಲ್ಡರ್ ಮರೆತಿದ್ದೀರಿ.

ಎರಡನೆಯದು ಎರರ್ ಪರೀಕ್ಷೆ. ಎಸ್‌ಟ್ರೇಸ್‌ನಲ್ಲಿ ಇಂಜೆಕ್ಟ್ ಎಂಬ ಸೌಲಭ್ಯ ಇದೆ. ಎಫ್‌ಸಿಂಕ್ ಕರೆದಾಗಲೆಲ್ಲ ಇಐಒ (ಡಿಸ್ಕ್ ಓದು-ಬರಹದ ಎರರ್) ಕೊಡು ಎಂದು ಹೇಳಬಹುದು. ಹಾಗೆ ಓಡಿಸಿದಾಗ ಪ್ರೋಗ್ರಾಂ ರೀನೇಮ್‌ವರೆಗೆ ಹೋಗಬಾರದು, ಹಳೆಯ ಫೈಲ್ ಮುಟ್ಟಬಾರದು.

ಮೂರನೆಯದು ನಿಜವಾದ ಕುಸಿತ. ವರ್ಚುವಲ್ ಯಂತ್ರದಲ್ಲಿ ಪ್ರೋಗ್ರಾಂ ಒಂದೊಂದೇ ಸಂಖ್ಯೆ ಉಳಿಸುತ್ತಾ ಹೋಗಲಿ. ಪ್ರತಿ ಸಲ ಹಂತ 7 ಗೆದ್ದ ಮೇಲೆ ಆ ಸಂಖ್ಯೆಯನ್ನು ನೆಟ್‌ವರ್ಕ್ ಮೂಲಕ ಹೊರಗಿನ ಯಂತ್ರಕ್ಕೆ ಕಳಿಸಲಿ. ಸಾಕ್ಷಿ ಹೊರಗೆ ಇರಬೇಕು, ಒಳಗಿನ ಲಾಗ್ ಕೂಡ ಕಳೆದುಹೋಗಬಹುದು. ಆಮೇಲೆ ರೂಟ್ ಆಗಿ /ಪ್ರಾಕ್/ಸಿಸ್‌ಆರ್‌ಕ್ಯೂ-ಟ್ರಿಗರ್ ಫೈಲಿಗೆ ಇಂಗ್ಲಿಷಿನ ‘ಬಿ’ ಚಿಕ್ಕಕ್ಷರ ಬರೆಯಿರಿ. ಸಿಂಕ್ ಆಗಲಿ ಅನ್‌ಮೌಂಟ್ ಆಗಲಿ ಇಲ್ಲದೆ ಯಂತ್ರ ತಕ್ಷಣ ರೀಬೂಟ್ ಆಗುತ್ತದೆ. ಎದ್ದ ಮೇಲೆ ಫೈಲಿನಲ್ಲಿರುವ ಸಂಖ್ಯೆ ಹೊರಗೆ ದಾಖಲಾದ ಕೊನೆಯ ಸಂಖ್ಯೆಗಿಂತ ಕಡಿಮೆ ಇರಬಾರದು. ಒಂದು ಜಾಸ್ತಿ ಇದ್ದರೆ ತಪ್ಪಿಲ್ಲ, ಸಂದೇಶ ಕಳಿಸುವ ಮೊದಲೇ ಯಂತ್ರ ನಿಂತಿರಬಹುದು. ಒಂದು ಸಲ ಪಾಸಾದರೆ ಸಾಲದು, ಸ್ಕ್ರಿಪ್ಟ್ ಬರೆದು ಬೇರೆ ಬೇರೆ ಕ್ಷಣದಲ್ಲಿ ನಿಲ್ಲಿಸಿ ನೋಡಿ.

ಈ ಪರೀಕ್ಷೆ ಡಿಸ್ಕ್‌ನ ಒಳಗಿನ ಕ್ಯಾಶನ್ನು ಮುಟ್ಟುವುದಿಲ್ಲ. ಅದಕ್ಕೆ ನಿಜವಾದ ಯಂತ್ರದ ಪ್ಲಗ್ ಕೀಳಬೇಕು.

## ಕೊನೆಗೆ ಸೇರಿಸುತ್ತಾ ಹೋಗುವ ಫೈಲುಗಳಿಗೆ

ವಹಿವಾಟಿನ ಲಾಗ್‌ನಂಥ ಫೈಲಿಗೆ ಪ್ರತಿ ಸಲ ತಾತ್ಕಾಲಿಕ ಫೈಲ್ ಮಾಡಲಾಗದು. ಅಲ್ಲಿ ಪ್ರತಿ ದಾಖಲೆಯ ಮುಂದೆ ಅದರ ಉದ್ದ ಮತ್ತು ಸಿಆರ್‌ಸಿ ಚೆಕ್‌ಸಮ್ (ದಾಖಲೆ ಕೆಟ್ಟಿದೆಯೇ ಎಂದು ತಿಳಿಸುವ ಸಂಖ್ಯೆ) ಬರೆಯಿರಿ. ಬರೆದ ಮೇಲೆ ಎಫ್‌ಡೇಟಾಸಿಂಕ್. ಮೊದಲ ಸಲ ಫೈಲ್ ಸೃಷ್ಟಿಸಿದಾಗ ಫೋಲ್ಡರ್‌ಗೂ ಎಫ್‌ಸಿಂಕ್. ಪ್ರೋಗ್ರಾಂ ಶುರುವಾದಾಗ ಮೊದಲಿನಿಂದ ಓದುತ್ತಾ ಬನ್ನಿ. ಫೈಲಿನ ಬಾಲದಲ್ಲಿ ಚೆಕ್‌ಸಮ್ ಹೊಂದದ ದಾಖಲೆ ಸಿಕ್ಕರೆ ಅಲ್ಲಿಗೆ ಕತ್ತರಿಸಿ, ಅದು ಅರ್ಧಕ್ಕೆ ನಿಂತ ಬರಹ. ಕೆಟ್ಟ ದಾಖಲೆಯ ನಂತರವೂ ಸರಿಯಾದವು ಇದ್ದರೆ ಮಾತ್ರ ಕತ್ತರಿಸಬೇಡಿ, ಡಿಸ್ಕ್ ಹಾಳಾಗಿರಬಹುದು.

ಒಂದಕ್ಕಿಂತ ಹೆಚ್ಚು ಫೈಲ್ ಒಟ್ಟಿಗೆ ಬದಲಾಗಬೇಕಾದರೆ ಇದನ್ನೆಲ್ಲ ಕೈಯಾರೆ ಕಟ್ಟಲು ಹೋಗಬೇಡಿ. ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಬಳಸಿ, ಸಿಂಕ್ರೋನಸ್ ಸೆಟ್ಟಿಂಗ್ ‘ಫುಲ್’ ಇರಲಿ. ಅದರ ವಾಲ್ ಮೋಡ್‌ನಲ್ಲಿ (ಬದಲಾವಣೆಯನ್ನು ಮೊದಲು ಲಾಗ್‌ಗೆ ಬರೆಯುವ ವಿಧಾನ) ‘ನಾರ್ಮಲ್’ ಇಟ್ಟರೆ ಡೇಟಾಬೇಸ್ ಕೆಡುವುದಿಲ್ಲ, ಆದರೆ ಕರೆಂಟ್ ಹೋದಾಗ ಕೊನೆಯ ಕೆಲವು ವಹಿವಾಟು ಹೋಗಬಹುದು.

## ತುಂಬಾ ನಿಧಾನ ಆದರೆ, ತುಂಬಾ ವೇಗ ಆದರೆ

7200 ಆರ್‌ಪಿಎಂ ಹಾರ್ಡ್ ಡಿಸ್ಕ್ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಒಂದರ ಹಿಂದೊಂದು ಎಫ್‌ಸಿಂಕ್ ಮಾಡಿದರೆ ಸೆಕೆಂಡಿಗೆ ಸುಮಾರು ನೂರರ ಆಸುಪಾಸು, ಹಲವು ಸಲ ಇನ್ನೂ ಕಡಿಮೆ. ಅಂಥ ಡಿಸ್ಕ್‌ನಲ್ಲಿ ಸಾವಿರಾರು ಆಗುತ್ತಿದ್ದರೆ ಖುಷಿ ಪಡಬೇಡಿ, ಅನುಮಾನ ಪಡಿ. ಮೌಂಟ್ ಮಾಡುವಾಗ ನೋಬ್ಯಾರಿಯರ್ (ಡಿಸ್ಕ್ ಕ್ಯಾಶ್ ಖಾಲಿ ಮಾಡಿಸಬೇಡ ಎಂಬ ಆಯ್ಕೆ) ಹಾಕಿದ್ದೀರಾ ನೋಡಿ. ಎಫ್‌ಸಿಂಕ್ ಕರೆಗಳನ್ನು ನುಂಗಿಹಾಕುವ ಲಿಬ್‌ಈಟ್‌ಮೈಡೇಟಾ ಟೆಸ್ಟ್ ಪರಿಸರದಿಂದ ಅಸಲಿ ಯಂತ್ರಕ್ಕೆ ಬಂದಿದೆಯಾ ನೋಡಿ. ಕರೆಂಟ್ ಹೋದರೂ ಕ್ಯಾಶ್ ಕಾಪಾಡುವ ಬ್ಯಾಟರಿ ಇರುವ ರೇಡ್ ಕಾರ್ಡ್ (ಹಲವು ಡಿಸ್ಕ್ ನಿಭಾಯಿಸುವ ಕಾರ್ಡ್) ಇದ್ದರೆ ಮಾತ್ರ ಆ ವೇಗ ನ್ಯಾಯವಾದದ್ದು.

ನಿಧಾನವೇ ತೊಂದರೆಯಾದರೆ ಎಫ್‌ಸಿಂಕ್ ತೆಗೆಯಬೇಡಿ, ಕಡಿಮೆ ಸಲ ಕರೆಯಿರಿ. ಹತ್ತು ದಾಖಲೆ ಒಟ್ಟು ಸೇರಿಸಿ ಬರೆದು ಒಂದೇ ಎಫ್‌ಸಿಂಕ್ ಮಾಡಿ, ಆಮೇಲೆ ಹತ್ತೂ ಜನರಿಗೆ ಆಯಿತು ಎಂದು ಹೇಳಿ. ಲಾಗ್ ಫೈಲಿಗೆ ಮೊದಲೇ ಸೊನ್ನೆ ತುಂಬಿಸಿ ಗಾತ್ರ ಕೊಟ್ಟಿಟ್ಟರೆ ಎಫ್‌ಡೇಟಾಸಿಂಕ್ ಇನ್ನಷ್ಟು ಹಗುರ. ಜಾಗ ಮೊದಲೇ ಕಾದಿರಿಸುವ ಫಾಲ್‌ಲೊಕೇಟ್ ಒಂದೇ ಸಾಲದು, ಅದು ಕೊಟ್ಟ ಜಾಗಕ್ಕೆ ಮೊದಲ ಸಲ ಬರೆಯುವಾಗ ಫೈಲ್‌ಸಿಸ್ಟಮ್ ತನ್ನ ಜರ್ನಲ್‌ನಲ್ಲೂ (ಬದಲಾವಣೆಗಳ ದಾಖಲೆಯಲ್ಲೂ) ಬರೆಯಬೇಕಾಗುತ್ತದೆ.

## ಮ್ಯಾಕ್ ಮತ್ತು ವಿಂಡೋಸ್‌ನಲ್ಲಿ

ಮ್ಯಾಕ್‌ಓಎಸ್‌ನಲ್ಲಿ ಎಫ್‌ಸಿಂಕ್ ಡೇಟಾವನ್ನು ಡಿಸ್ಕ್‌ವರೆಗೆ ಕಳಿಸುತ್ತದೆ, ಡಿಸ್ಕ್‌ನ ಒಳಗಿನ ಕ್ಯಾಶ್ ಖಾಲಿ ಮಾಡಿಸುವುದಿಲ್ಲ. ಅಲ್ಲಿ ಎಫ್‌ಸಿಎನ್‌ಟಿಎಲ್ ಕರೆಗೆ ಎಫ್_ಫುಲ್‌ಎಫ್‌ಸಿಂಕ್ ಕೊಡಿ. ಕೆಲವು ಫೈಲ್‌ಸಿಸ್ಟಮ್‌ಗಳು ಅದನ್ನು ಒಪ್ಪುವುದಿಲ್ಲ, ಆಗ ಸಾಮಾನ್ಯ ಎಫ್‌ಸಿಂಕ್‌ಗೆ ಇಳಿಯಿರಿ.

ವಿಂಡೋಸ್‌ನಲ್ಲಿ ಎಫ್‌ಸಿಂಕ್ ಜಾಗಕ್ಕೆ ಫ್ಲಶ್‌ಫೈಲ್‌ಬಫರ್ಸ್. ಫೈಲನ್ನು ಬರೆಯುವ ಅನುಮತಿಯೊಂದಿಗೆ ತೆರೆದಿರಬೇಕು, ಬರೀ ಓದಲು ತೆರೆದ ಹ್ಯಾಂಡಲ್ ಕೊಟ್ಟರೆ ಅದು ಸೋಲುತ್ತದೆ. ಹೆಸರು ಬದಲಿಸಲು ಮೂವ್‌ಫೈಲ್‌ಇಎಕ್ಸ್ ಬಳಸಿ, ಹಳೆಯದನ್ನು ಬದಲಿಸು ಮತ್ತು ರೈಟ್‌ತ್ರೂ ಎಂಬ ಎರಡೂ ಫ್ಲಾಗ್ ಕೊಡಿ. ಬೇರೆ ಪ್ರೋಗ್ರಾಂ, ಅದರಲ್ಲೂ ಆಂಟಿವೈರಸ್, ಆ ಫೈಲನ್ನು ತೆರೆದಿಟ್ಟುಕೊಂಡಿದ್ದರೆ ಬದಲಾವಣೆಗೆ ಬಿಡುವುದಿಲ್ಲ. ಸ್ವಲ್ಪ ಕಾದು ಮತ್ತೆ ಪ್ರಯತ್ನಿಸಿ. ಇಲ್ಲಿ ಮರುಪ್ರಯತ್ನ ಅಪಾಯವಲ್ಲ, ಡೇಟಾ ಆಗಲೇ ತಾತ್ಕಾಲಿಕ ಫೈಲಿನಲ್ಲಿ ಭದ್ರವಾಗಿದೆ.